ಪಾಲಿಅನಿಲಿನ್ ತಳದಲ್ಲಿ ಕೂರದಂತೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ

ಕೊಪ್ಪಳದಿಂದ:
ಅಕ್ಕಾ, ಅಣ್ಣಾ, ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿದ್ಯುತ್ ಹರಿಸುವ ಪಾಲಿಮರ್ ಆದ ಪಾಲಿಅನಿಲಿನ್ ಮಾಡುತ್ತಿದ್ದೇನೆ. ಶಬ್ದದ ಅಲೆಗಳಿಂದ ಕಣ ಬಿಡಿಸುವ ಸೋನಿಕೇಟರ್‌ನಲ್ಲಿ ಇಟ್ಟು ತೆಗೆದರೆ ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಹಸಿರು ಪುಡಿಯೆಲ್ಲ ತಳ ಸೇರುತ್ತದೆ. ಕೊಲಾಯ್ಡಲ್ ಸಿಲಿಕಾ (ನೀರಿನಲ್ಲಿ ತೇಲುವ ಅತಿ ಸಣ್ಣ ಸಿಲಿಕಾ ಕಣಗಳು) ಬೆರೆಸಿದರೂ ಅಷ್ಟೇ.

ಬಳ್ಳಾರಿಯಿಂದ:
ಸಿಲಿಕಾ ಬೆರೆಸಿದ್ದು ಪುಡಿ ಆದ ಮೇಲೆ ಅಲ್ವಾ? ನಾನೂ ಹಾಗೇ ಮಾಡಿ ಎರಡು ತಿಂಗಳು ಕಳೆದುಕೊಂಡೆ. ಒಮ್ಮೆ ಗಂಟು ಕಟ್ಟಿದ ಪಾಲಿಮರ್ ಮತ್ತೆ ಬಿಡಿಯಾಗುವುದಿಲ್ಲ. ಪಾಲಿಮರ್ ಹುಟ್ಟುವಾಗಲೇ ಸಿಲಿಕಾ ಅಲ್ಲಿರಬೇಕು.

ಮೊದಲು ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ ಸಿಲಿಕಾ ಸೋಲ್ (ಅದೇ ಕೊಲಾಯ್ಡಲ್ ಸಿಲಿಕಾ), ಆಮೇಲೆ ಅನಿಲಿನ್, ಕೊನೆಗೆ ಅದನ್ನು ಪಾಲಿಮರ್ ಆಗಿಸುವ ಅಮೋನಿಯಂ ಪರ್ಸಲ್ಫೇಟ್. ಸೋಲ್‌ಗೆ ಆಮ್ಲ ಸುರಿಯಬೇಡಿ. ಬಾಟಲಿಯ ಸೋಲ್ ಸಾಮಾನ್ಯವಾಗಿ ಕ್ಷಾರದ್ದು, ಪಿಎಚ್ 5–6ರ ಹತ್ತಿರ ಬಂದಾಗ ಬೇಗ ಜೆಲ್ ಆಗುತ್ತದೆ. ಆಮ್ಲ ಕಲಕುತ್ತಲೇ ಸೋಲ್ ಬಿಟ್ಟರೆ ಆ ಹಂತ ತಪ್ಪುತ್ತದೆ. ನಾನು ಹಾಕಿದ್ದು 20 ನ್ಯಾನೊಮೀಟರ್ ಕಣಗಳ ಸೋಲ್. ಪಾಲಿಮರ್ ಆ ಕಣಗಳನ್ನು ಅಂಟಿಸಿಕೊಂಡೇ ಬೆಳೆಯುತ್ತದೆ. ನಮ್ಮ ಗುಡ್ಡದ ಸೀತಾಫಲ ನೆನಪಿಸಿಕೊಳ್ಳಿ, ಕಣದ ಹೊರಮೈ ಹಾಗೇ ಉಬ್ಬುಬ್ಬು. ಹೊರಗಿನ ಸಿಲಿಕಾದ ಋಣ ಚಾರ್ಜ್ ಕಣಗಳನ್ನು ದೂರ ದೂರ ಇಡುತ್ತದೆ. 1990ರ ದಶಕದ ಆರಂಭದಲ್ಲೇ ಬ್ರಿಟನ್ನಿನ ಪಾಲಿಮರ್ ವಿಜ್ಞಾನಿ ಸ್ಟೀವನ್ ಆರ್ಮ್ಸ್ ಮತ್ತು ಜೊತೆಗಾರರು ಇದನ್ನು ಮಾಡಿ ತೋರಿಸಿದ್ದರು.

ಇನ್ನೊಂದು, ನಮ್ಮ ಬಿಸಿಲು. ಈ ರಿಯಾಕ್ಷನ್ನೇ ಶಾಖ ಬಿಡುತ್ತದೆ, ಏಪ್ರಿಲ್‌ನಲ್ಲಿ ಬೀಕರ್ ಮುಟ್ಟಿದರೆ ಕೈ ಬೆಚ್ಚಗಾಗುತ್ತಿತ್ತು. ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು ಟಬ್ಬಿನಲ್ಲಿ ಬೀಕರ್ ಇಟ್ಟೆ. ನೀಲಿ ಬರುವುದು ತಡವಾಯಿತು, ಆಮೇಲೆ ಕಡು ಹಸಿರು. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಹರಡಿ ಬೆಳಕಿಗೆ ಹಿಡಿದೆ. ಒಂದೇ ಒಂದು ಕಾಳು ಕಾಣಲಿಲ್ಲ. ಅವತ್ತಿನ ಖುಷಿ ಇನ್ನೂ ನೆನಪಿದೆ.

ರಾಯಚೂರಿನಿಂದ:
ಅಕ್ಕ ಹೇಳಿದ ಕ್ರಮ ಸರಿ. ನನ್ನದು ಕೆಟ್ಟಿದ್ದು ತೊಳೆಯುವಾಗ. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು, ಒಂದು ಸಲ ಬೋರ್ ನೀರು ಹಾಕಿದೆ. ಕಣ್ಣೆದುರೇ ಒಡೆದ ಹಾಲಿನಂತೆ ಆಯಿತು. ನೀರಿನ ಕ್ಯಾಲ್ಸಿಯಂ, ಉಪ್ಪು ಎಲ್ಲ ಸೇರಿ ಆ ಚಾರ್ಜನ್ನು ಮುಚ್ಚಿಬಿಡುತ್ತವೆ.

ಹಾಗಂತ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲೇ ತೊಳೆಯುತ್ತಾ ಹೋಗಬೇಡಿ. ಆಮ್ಲ ಬಿಟ್ಟುಹೋಗಿ ಹಸಿರು ನೀಲಿಯತ್ತ ತಿರುಗುತ್ತದೆ, ವಿದ್ಯುತ್ ಹರಿಯುವುದೂ ಕಡಿಮೆಯಾಗುತ್ತದೆ. ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲೇ ತೊಳೆಯಿರಿ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರು ಚೆಲ್ಲಿ, ಮತ್ತೆ ಕಲಕಿ. ಮೂರ್ನಾಲ್ಕು ಸಲ ಸಾಕು, ಅಂಟದೆ ಉಳಿದ ಸಿಲಿಕಾನೂ ಹೋಗುತ್ತದೆ.

ಬಳ್ಳಾರಿಯಿಂದ ಮತ್ತೊಬ್ಬರು:
ಸಿಲಿಕಾ ಸಿಗದಿದ್ದರೆ ಪಿವಿಪಿ (ನೀರಿನಲ್ಲಿ ಕರಗುವ ಒಂದು ಪಾಲಿಮರ್) ಸಹ ನಡೆಯುತ್ತದೆ, ಅದನ್ನೂ ಶುರುವಿನಲ್ಲೇ ಹಾಕಬೇಕು. ಎರಡೂ ವಿದ್ಯುತ್ ಹರಿಸುವುದಿಲ್ಲ, ಸುಮ್ನೆ ಜಾಸ್ತಿ ಹಾಕಿದರೆ ಫಿಲ್ಮ್‌ನ ವಾಹಕತೆ ಬೀಳುತ್ತದೆ. ಅನಿಲಿನ್ ಕಂದು ತಿರುಗಿದ್ದರೆ ಡಿಸ್ಟಿಲ್ ಮಾಡಿಯೇ ಬಳಸಿ. ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ, ಅದು ಚರ್ಮದ ಮೂಲಕವೂ ಮೈಗೆ ಸೇರುತ್ತದೆ.