8 ಜಿಬಿ ರ‍್ಯಾಮ್ ಜೊತೆ ಇನ್ನೊಂದು 8 ಹಾಕಿದರೆ ಗೇಮ್ ತಡವರಿಸೋದು ನಿಲ್ಲುತ್ತದಾ?

ವಿಜಯನಗರ ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನ ಪಿಸಿಯಲ್ಲಿ ರೈಝನ್ 5 5600ಜಿ ಪ್ರೊಸೆಸರ್, ಎ520 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ ಸ್ಟಿಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ವ್ಯಾಲೊರಂಟ್ ಹೇಗೋ ನಡೆಯುತ್ತದೆ, ಆದರೆ ಜಿಟಿಎ 5ರಲ್ಲಿ ಕಾರು ಸ್ವಲ್ಪ ಜೋರಾಗಿ ಓಡಿಸಿದೆ ಅಂದರೆ ಮುಂದಿನ ರಸ್ತೆನೇ ಬರೋದಿಲ್ಲ, ಅರ್ಧ ಸೆಕೆಂಡ್ ನಿಂತು ಆಮೇಲೆ ಎಲ್ಲಾ ಒಟ್ಟಿಗೆ ಬರುತ್ತದೆ, ಅಷ್ಟರಲ್ಲಿ ನಾನು ಕಂಬಕ್ಕೆ ಗುದ್ದಿರುತ್ತೇನೆ. 40 ಎಫ್‌ಪಿಎಸ್ (ಸೆಕೆಂಡಿಗೆ 40 ಚಿತ್ರ) ದಾಟೋದೇ ಕಷ್ಟ.

ಗೇಮ್ ಬಂದಾಗ 8 ಜಿಬಿ ಇದ್ದರೆ ಚೆನ್ನಾಗಿ ನಡೆಯುತ್ತದೆ ಅಂತಲೇ ಹೇಳಿದ್ದರು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಮೆಮೊರಿ 94% ತುಂಬಿದೆ. ಇನ್ನೊಂದು ವಿಚಿತ್ರ ಅಂದರೆ ಅಲ್ಲಿ ಒಟ್ಟು 8 ಅಲ್ಲ, 5.9 ಅಂತ ತೋರಿಸುತ್ತಿದೆ. ಅಂಗಡಿಯವರು ಟೋಪಿ ಹಾಕಿದರಾ? ಅಪ್ಪ ದುಡ್ಡು ಕೊಡೋದು ಒಂದೇ ಸಲ, ಅದಕ್ಕೇ ಕೇಳಿಕೊಂಡು ಹೋಗೋಣ ಅಂತ.

ಬಿಸಿಬಿಸಿ ಬಯೋಸ್

ಟೋಪಿ ಏನೂ ಇಲ್ಲ ಗುರು. ನಿನ್ನ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದೆ, ಅದಕ್ಕೆ ಸ್ವಂತ ಮೆಮೊರಿ ಇಲ್ಲ, ನಿನ್ನ 8ರಲ್ಲೇ 2 ಜಿಬಿ ಎತ್ತಿಟ್ಟುಕೊಂಡಿದೆ. ಉಳಿದ ಆರರಲ್ಲಿ ವಿಂಡೋಸ್, ಬ್ರೌಸರ್, ಗೇಮ್ ಎಲ್ಲಾ ಸಂಸಾರ ಮಾಡಬೇಕು. ಜಿಟಿಎಗೆ 8 ಜಿಬಿ ಅಂತ ಬರೆದಿದ್ದಾರಲ್ಲ, ಅದರ ಪಕ್ಕದ ಸಾಲು ಓದಿದೆಯಾ? ಜಿಟಿಎಕ್ಸ್ 660 ಗ್ರಾಫಿಕ್ಸ್ ಕಾರ್ಡ್, 2 ಜಿಬಿ. ಅಂದರೆ ಕಾರ್ಡಿಗೆ ಅದರದೇ ಮೆಮೊರಿ ಇರುತ್ತದೆ ಅಂತ ಲೆಕ್ಕ ಹಾಕಿ ಬರೆದದ್ದು ಅದು.

ಜಾಗ ಸಾಲದಿರೋದು ಒಂದು ಕಥೆ. ನಿನ್ನ ವಿಷಯದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಒಂದೇ ಸ್ಟಿಕ್ ಇರೋದು. 3200 ವೇಗದ ಡಿಡಿಆರ್4 ಒಂದೇ ಸ್ಟಿಕ್ ಇದ್ದರೆ ಒಂದೇ ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಸ್ಲಾಟಿಗೂ ಹಾಕಿದರೆ 51.2. ಬೇರೆ ಕಾರ್ಡ್ ಇದ್ದವರಿಗೆ ಇದರಿಂದ ಅಷ್ಟೇನೂ ಗೊತ್ತಾಗೋದಿಲ್ಲ. ನಿನಗೆ ಗೊತ್ತಾಗುತ್ತದೆ, ಯಾಕೆಂದರೆ ಪ್ರೊಸೆಸರ್ರು, ಗ್ರಾಫಿಕ್ಸು ಎರಡೂ ಒಂದೇ ನಲ್ಲಿಗೆ ಬಿಂದಿಗೆ ಹಿಡಿದು ನಿಂತಿವೆ. ಹಾಗಾಗಿ ಹಳೇದು ತೆಗೆದು ಒಂದೇ 16ರ ಸ್ಟಿಕ್ ಹಾಕೋ ಕೆಲಸ ಮಾತ್ರ ಮಾಡಬೇಡ. ಎರಡು 8 ಹಾಕು.

ಅಂದ ಹಾಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅಲ್ಲೇ ಕೆಳಗೆ ಸ್ಪೀಡ್ ಎಷ್ಟಿದೆ ನೋಡಿ ಹೇಳು.

ವಿಜಯನಗರ ಹುಡುಗ

2400. ಸ್ಟಿಕ್ ಮೇಲಿನ ಸ್ಟಿಕ್ಕರ್‌ನಲ್ಲಿ 3200 ಅಂತಿದೆ!

ಬಿಸಿಬಿಸಿ ಬಯೋಸ್

ಅಂದುಕೊಂಡೆ. ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆಗೆಯೋ ಸೆಟ್ಟಿಂಗ್) ಹೋಗಿ ಎಕ್ಸ್‌ಎಂಪಿ ಆನ್ ಮಾಡು, ಆಗ ಸ್ಟಿಕ್ಕರ್‌ನಲ್ಲಿರೋ ವೇಗ ಸಿಗುತ್ತದೆ, ಕೆಲವು ಬೋರ್ಡಿನಲ್ಲಿ ಡಿಓಸಿಪಿ ಅಂತಿರುತ್ತದೆ. ಕೊಂಡ ದಿನದಿಂದ ಸುಮ್ನೆ ಎರಡನೇ ಗೇರ್‌ನಲ್ಲೇ ಓಡಿಸುತ್ತಿದ್ದೀಯ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಮೊದಲು ಇದು ಮಾಡು.

ದೋಸೆ ಕ್ಯಾಂಪ್

ಇಷ್ಟೆಲ್ಲಾ ಯಾಕೆ ಸ್ವಾಮಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಿ. ಈಗ ರ‍್ಯಾಮ್ ರೇಟ್ ನೋಡಿದ್ದೀರಾ? ಎಐ ಡೇಟಾ ಸೆಂಟರ್‌ನವರು ಮೆಮೊರಿ ಎಲ್ಲಾ ಬಾಚಿಕೊಂಡು ಹೋಗುತ್ತಿದ್ದಾರೆ. ನಾನು ಹೋದ ವರ್ಷ ಕೊಂಡ ಕಿಟ್‌ಗೇ ಈಗ ಎರಡರಷ್ಟಕ್ಕಿಂತ ಜಾಸ್ತಿ ಹೇಳುತ್ತಾರೆ.

ಮಾರ್ಕೆಟ್ ಮಾಮ

ಕಾರ್ಡ್ ಹಾಕಿದರೂ 8 ಜಿಬಿಯಲ್ಲಿ ಈಗಿನ ಗೇಮ್‌ಗಳು ಒದ್ದಾಡುತ್ತವೆ, ಪವರ್ ಸಪ್ಲೈ ಬೇರೆ ನೋಡಬೇಕು. ಹುಡುಗನಿಗೆ ಸದ್ಯಕ್ಕೆ ರ‍್ಯಾಮೇ ಸರಿ.

ಎಸ್‌ಪಿ ರೋಡಿಗೆ (ಕಂಪ್ಯೂಟರ್ ಅಂಗಡಿಗಳ ಬೀದಿ) ಹೋಗೋದಾದರೆ ಭಾನುವಾರ ಬೇಡಪ್ಪ, ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ನಿಮ್ಮ ಕಡೆಯಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್‌ಗೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಹಳೇ ಸ್ಟಿಕ್ಕಿನ ಸ್ಟಿಕ್ಕರ್ ಫೋಟೊ ಫೋನಿನಲ್ಲಿರಲಿ. ನಾನು ಒಮ್ಮೆ ಬಾಯಲ್ಲೇ "ಡಿಡಿಆರ್4, 8 ಜಿಬಿ" ಅಂದೆ, ಅವರು ಕವರ್‌ನಲ್ಲಿ ಹಾಕಿ ಕೊಟ್ಟರು, ನಾನೂ ನೋಡದೆ ಜೇಬಿಗೆ ಇಳಿಸಿದೆ. ಮನೆಗೆ ಬಂದು ಬಿಚ್ಚಿದರೆ ಬೆರಳುದ್ದ ಇದೆ! ಲ್ಯಾಪ್‌ಟಾಪಿನದು. ಬಿಲ್ ಬೇರೆ ತಗೊಂಡಿರಲಿಲ್ಲ. ಮಾರನೇ ದಿನ ಹೋಗಿ ಅರ್ಧ ಗಂಟೆ ಜಗಳ ಆಡಿ ಬದಲಾಯಿಸಿಕೊಂಡು ಬಂದೆ. ಹಾಗಾಗಿ ಕೌಂಟರ್‌ನಲ್ಲೇ ಬಿಚ್ಚಿ ನೋಡು, ಬಿಲ್ ತಗೋ, ವಾರಂಟಿ ಎಷ್ಟು ವರ್ಷ ಅಂತ ಅದರಲ್ಲೇ ಬರೆಸು. ಡಿಡಿಆರ್5 ಅಗ್ಗ ಸಿಕ್ಕಿತು ಅಂತಲೂ ತರಬೇಡ, ನಿನ್ನ ಬೋರ್ಡಿನ ಸ್ಲಾಟಿಗೆ ಅದು ಕೂರೋದೇ ಇಲ್ಲ.

ವಿಜಯನಗರ ಹುಡುಗ

ಶನಿವಾರ ಹೋಗಿ ಅದೇ ಕಂಪನಿಯ 8 ಜಿಬಿ 3200 ತಂದೆ. ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು! ಅಮ್ಮ ಬಾಗಿಲಲ್ಲಿ ನಿಂತು "ನೆಟ್ಟಗಿದ್ದದ್ದನ್ನೂ ಕೆಡಿಸಿದೆಯಾ" ಅಂತ ಶುರು ಮಾಡಿದರು. ಪ್ಲಗ್ ತೆಗೆದು, ಎರಡೂ ಸ್ಟಿಕ್ ಹೊರಗೆ ತೆಗೆದು, ಚಿನ್ನದ ಬಣ್ಣದ ಅಂಚನ್ನು ತಂಗಿಯ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿದೆ. ಆಮೇಲೆ ಗೊತ್ತಾಯಿತು, ನನ್ನ ಬೋರ್ಡಿನಲ್ಲಿ ಒಂದು ಕಡೆ ಮಾತ್ರ ಕ್ಲಿಪ್ ಇದೆ, ಇನ್ನೊಂದು ತುದಿ ಸರಿಯಾಗಿ ಇಳಿದೇ ಇರಲಿಲ್ಲ. ಎರಡೂ ಹೆಬ್ಬೆರಳಿಂದ ಒತ್ತಿದೆ, ಟಕ್ ಅಂತು. ಎರಡು ಸಲ ತಾನೇ ರೀಸ್ಟಾರ್ಟ್ ಆಗಿ ಆಮೇಲೆ ಬಂತು.

ಈಗ 13.9 ಜಿಬಿ, ಸ್ಪೀಡ್ 3200, ಜಿಟಿಎ 60 ದಾಟುತ್ತಿದೆ, ಅದೇ ಸೆಟ್ಟಿಂಗ್. ಎಲ್ಲರಿಗೂ ಥ್ಯಾಂಕ್ಸ್. ಆದರೆ ತುಂಬಾ ಜೋರಾಗಿ ಹೋದರೆ ಒಂದೊಂದು ಸಲ ರಸ್ತೆ ಈಗಲೂ ತಡವಾಗಿ ಬರುತ್ತದೆ. ಗೇಮ್ ಹಳೇ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿದೆ, ಅದಕ್ಕೇನಾದರೂ ಇರಬಹುದಾ?

ಬಿಸಿಬಿಸಿ ಬಯೋಸ್

ಅದಕ್ಕೇ. ಊರನ್ನೆಲ್ಲಾ ಗೇಮ್ ಓಡುತ್ತಿರುವಾಗಲೇ ಡಿಸ್ಕ್‌ನಿಂದ ಓದಬೇಕು, ಅದು ನಿನ್ನ ಕಾರಿನಷ್ಟು ಜೋರಾಗಿ ಓಡೋದಿಲ್ಲ. ವಿಂಡೋಸ್ ಇರೋದು ವೇಗವಾಗಿ ಓದೋ ಎಸ್‌ಎಸ್‌ಡಿಯಲ್ಲಾದರೆ ಅಲ್ಲೇ ನೂರು ಜಿಬಿ ಮೇಲೆ ಜಾಗ ಖಾಲಿ ಮಾಡಿ ಗೇಮನ್ನು ಅಲ್ಲಿಗೆ ಸಾಗಿಸು. ಗೇಮ್ ಕೊಳ್ಳೋ ಸ್ಟೀಮ್ ಆ್ಯಪ್‌ನಲ್ಲಿ ಫೋಲ್ಡರ್ ಸ್ಥಳ ಬದಲಿಸೋ ಆಯ್ಕೆ ಇದೆ, ಮತ್ತೆ ಡೌನ್‌ಲೋಡ್ ಮಾಡಬೇಕಾಗಿಲ್ಲ.

ವಿಜಯನಗರ ಹುಡುಗ

ಎಸ್‌ಎಸ್‌ಡಿ ಇರೋದೇ 120 ಜಿಬಿ. ಅಪ್ಪನ ಮೂಡ್ ನೋಡಿಕೊಂಡು ದಸರಾಗೆ ಕೇಳುತ್ತೇನೆ.