ಕೆಳಮನೆ ಒಬ್ಬರ ಕೈಲಿ, ಮೇಲ್ಮನೆ ಇನ್ನೊಬ್ಬರ ಕೈಲಿ: ಇದರಿಂದ ಲಾಭ ಯಾರಿಗೆ?

ಓದುಗಿತ್ತಿ_ಹಾವೇರಿ
ಕೆಎಎಸ್‌ಗೆ ಓದ್ತಾ ಇದ್ದೀನಿ. ವಿಧಾನಸಭೆಯಲ್ಲಿ ಒಂದು ಪಕ್ಷ, ಪರಿಷತ್ತಿನಲ್ಲಿ ಇನ್ನೊಂದು ಪಕ್ಷಕ್ಕೆ ಬಹುಮತ ಇದ್ದರೆ ಶಾಸನದ ಗುಣಮಟ್ಟ ಹೆಚ್ಚುತ್ತೆ, ಆತುರಕ್ಕೆ ಕಡಿವಾಣ ಬೀಳುತ್ತೆ ಅಂತ ಗೈಡುಗಳಲ್ಲಿ ಬರೆದಿರ್ತಾರೆ. ನಮ್ಮಲ್ಲಿ 2020ರಲ್ಲೂ 2024ರಲ್ಲೂ ಸರ್ಕಾರಕ್ಕೆ ಪರಿಷತ್ತಿನಲ್ಲಿ ಬಹುಮತ ಇರಲಿಲ್ಲವಲ್ಲ, ನಿಜವಾಗಿ ಏನಾದರೂ ಸುಧಾರಿಸಿತಾ? ಪಕ್ಷದ ಜಗಳ ಬೇಡ, ಗೊತ್ತಿದ್ದವರು ಹೇಳಿ.

ಗಡಿಬಿಡಿ_ಗುಂಡ
ಪರಿಷತ್ತು ಅಂದ್ರೆ ಚುನಾವಣೇಲಿ ಸೋತವರ ಗಂಜಿಕೇಂದ್ರ. ಯಾರ ಬಹುಮತ ಇದ್ರೇನು, ಮುಚ್ಚಿದರೆ ಖರ್ಚಾದರೂ ಉಳಿಯುತ್ತೆ.

ಸಿ_ವರ್ಗದ_ಭಟ್ಟ
ನಾನು ಕೊಪ್ಪದ ಕಡೆಯವ. ಮುಜರಾಯಿಗೆ ಸೇರಿದ 'ಸಿ' ವರ್ಗದ ದೇವಸ್ಥಾನದಲ್ಲಿ ಪೂಜೆ. ವರ್ಷಕ್ಕೆ 5 ಲಕ್ಷದೊಳಗೆ ಆದಾಯ ಇರುವವೆಲ್ಲ ಈ ವರ್ಗಕ್ಕೇ ಬರುತ್ತವೆ. ಕಾರ್ತೀಕದ ದೀಪೋತ್ಸವ ಬಿಟ್ಟರೆ ನಮ್ಮ ತಟ್ಟೆಗೆ ಬೀಳುವುದು ಹತ್ತರ ನೋಟು, ಇಪ್ಪತ್ತರ ನೋಟು, ಮತ್ತೆ ಸರ್ಕಾರದ ತಸ್ತೀಕು, ಅಂದರೆ ಪೂಜೆಯ ಖರ್ಚಿಗೆ ಕೊಡುವ ಹಣ. 2024ರ ಫೆಬ್ರವರಿಯ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆಯನ್ನು ನಾನು ದಿನಾ ಹಿಂಬಾಲಿಸುತ್ತಿದ್ದದ್ದು ಅದಕ್ಕೇ. 1 ಕೋಟಿ ಮೇಲ್ಪಟ್ಟು ಆದಾಯ ಇರುವ ದೇವಸ್ಥಾನ 10%, 10 ಲಕ್ಷದಿಂದ 1 ಕೋಟಿ ಇರುವದ್ದು 5% ಸಾಮಾನ್ಯ ಸಂಗ್ರಹ ನಿಧಿಗೆ ಕೊಡಬೇಕು, ಅಲ್ಲಿಂದ ನಮ್ಮಂಥ ಬಡ ದೇವಸ್ಥಾನಗಳಿಗೆ ಸಹಾಯ ಎಂದಿತ್ತು. ಪಾಸಾದರೆ ನನಗೆ ಲಾಭವೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನದೇ ಬಹುಮತ, ಪಾಸಾಯಿತು. ಪರಿಷತ್ತಿನಲ್ಲಿ ಬಿಜೆಪಿ–ಜೆಡಿಎಸ್ ಸೇರಿದರೆ ಅವರದೇ ಮೇಲುಗೈ. ಫೆಬ್ರವರಿ 23ರಂದು ಧ್ವನಿಮತದಲ್ಲಿ ಬಿತ್ತು. 29ಕ್ಕೆ ವಿಧಾನಸಭೆ ಮತ್ತೆ ಅಂಗೀಕರಿಸಿತು, ಪರಿಷತ್ತಿನಲ್ಲೂ ದಾಟಿತು. ಬಿದ್ದದ್ದಕ್ಕೂ ಎದ್ದದ್ದಕ್ಕೂ ನಡುವೆ ಒಂದು ವಾರವೂ ಇಲ್ಲ.

ನನ್ನ ತಕರಾರು ಇಲ್ಲಿದೆ. ಆ ಮಸೂದೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿತ್ತು. ಮೊದಲು ಖರ್ಚು ಕಳೆದು ಉಳಿದ ನಿವ್ವಳದ ಮೇಲೆ ಲೆಕ್ಕ ಹಾಕುತ್ತಿದ್ದರು, ಮಸೂದೆಯಲ್ಲಿ ಒಟ್ಟು ಆದಾಯದ ಮೇಲೆ. ಒಂದು ದೇವಸ್ಥಾನಕ್ಕೆ 40 ಲಕ್ಷ ಬರುತ್ತದೆ, ನೈವೇದ್ಯ, ಸಂಬಳ, ಅನ್ನದಾಸೋಹ, ಕರೆಂಟು ಎಲ್ಲ ಸೇರಿ 38 ಲಕ್ಷ ಖರ್ಚು ಅಂತ ಇಟ್ಟುಕೊಳ್ಳಿ. ಒಟ್ಟಿನ 5% ಅಂದರೆ 2 ಲಕ್ಷ. ಉಳಿದದ್ದಷ್ಟೂ ಹೋಯಿತು! ದೊಡ್ಡ ಕ್ಷೇತ್ರಗಳು ತಡೆದುಕೊಳ್ಳುತ್ತವೆ, ಮಧ್ಯದವು ಸೊರಗುತ್ತವೆ. ನಮಗೆ ಬರುವ ದುಡ್ಡು ಪಕ್ಕದ ಊರಿನ ದೇವರ ಎಣ್ಣೆಯಿಂದ ಬರಬೇಕೇ? ಇದನ್ನು ಕೂತು ಕೇಳಲಿಕ್ಕೆಂದೇ ಇರುವ ಮನೆ ಅದು. ಟಿವಿಯಲ್ಲಿ ನಾನು ಕೇಳಿಸಿಕೊಂಡದ್ದು ಮಾತ್ರ 'ಹಿಂದೂ ವಿರೋಧಿ' ಅಂತ ಬಿಜೆಪಿಯವರು, '2011ರಲ್ಲಿ ತಿದ್ದುಪಡಿ ತಂದವರು ನೀವೇ' ಅಂತ ಕಾಂಗ್ರೆಸ್ಸಿನವರು. ಆಯ್ಕೆ ಸಮಿತಿಗೆ, ಅಂದರೆ ಮಸೂದೆಯನ್ನು ಸಾಲು ಸಾಲಾಗಿ ಪರಿಶೀಲಿಸುವ ಸದಸ್ಯರ ಸಮಿತಿಗೆ ಕಳಿಸಿ, ನಾಲ್ಕು ಜನ ಅರ್ಚಕರನ್ನು, ನಾಲ್ಕು ಜನ ಲೆಕ್ಕಿಗರನ್ನು ಕರೆದು ಕೇಳಿದ್ದರೆ ಪರಿಷತ್ತಿಗೆ ನಾನೇ ಒಂದು ರುದ್ರಾಭಿಷೇಕ ಮಾಡಿಸುತ್ತಿದ್ದೆ.

ಮೇಲ್ಮನೆಗೆ ಇರುವ ಬಲ ತಡ ಮಾಡುವುದಷ್ಟೇ. ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು, ಹಣಕಾಸು ಮಸೂದೆಗೆ ಹದಿನಾಲ್ಕೇ ದಿನ. ದೆಹಲಿಯ ಹಾಗೆ ಇಲ್ಲಿ ಜಂಟಿ ಅಧಿವೇಶನವೂ ಇಲ್ಲ, ಕೊನೆಗೆ ವಿಧಾನಸಭೆ ಹೇಳಿದ್ದೇ ಗಟ್ಟಿ. ಸಿಕ್ಕ ಸಮಯದಲ್ಲಿ ಏನು ಮಾಡುತ್ತಾರೆ ಅನ್ನುವುದರ ಮೇಲೆ ಲಾಭ ನಿಂತಿದೆ. ತಡೆದೆವು ಅಂತ ಮೇಜು ಕುಟ್ಟಿ ಮನೆಗೆ ಹೋದರೆ ಜನಕ್ಕೆ ಬಂದದ್ದು ಸೊನ್ನೆ.

ಧಾರವಾಡದ_ನಿವೃತ್ತ_ಮಾಸ್ತರ
ಭಟ್ಟರ ಮಾತು ಖರೇ ಐತ್ರಿ. ಆದ್ರ ತಂಗೀ, ಈ ಎರಡು ಬಣ್ಣ ಯಾಕ ಬರ್ತದ ಅನ್ನೋದು ಮೊದಲ ತಿಳಕೊ. 75 ಮಂದಿ ಒಮ್ಮೆಲೇ ಬದಲಾಗಂಗಿಲ್ಲ. ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. 25 ಮಂದಿನ್ನ ಶಾಸಕರು ಆರಿಸ್ತಾರ, 25 ಸ್ಥಳೀಯ ಸಂಸ್ಥೆಯವರು, ಪದವೀಧರರು 7, ನಮ್ಮಂಥ ಶಿಕ್ಷಕರು 7, ನಾಮಕರಣ 11. ಅಂದ್ರ ಅಲ್ಲಿ ಕುಂತಿರೋದು ಹಿಂದಿನ ಚುನಾವಣೆಯ ಗಾಳಿ. ಸರ್ಕಾರ ಒಂದೆರಡು ವರ್ಷ ಕಾದ್ರ ಲೆಕ್ಕ ತಾನೇ ತಿರುಗತದ. ಮತಾಂತರ ನಿಷೇಧ ಮಸೂದೆ ನೋಡ್ರಿ, 2021ರ ಡಿಸೆಂಬರದಾಗ ವಿಧಾನಸಭಾ ದಾಟ್ತು, ಪರಿಷತ್ತಿನ್ಯಾಗ ಬಲ ಇಲ್ಲಂತ ಅಲ್ಲಿ ಮಂಡಿಸಲೇ ಇಲ್ಲ. ಮೇ 2022ಕ್ಕ ಸುಗ್ರೀವಾಜ್ಞೆ, ಅಂದ್ರ ಸದನ ಕೂಡದಾಗ ಸರ್ಕಾರ ತರೋ ತಾತ್ಕಾಲಿಕ ಕಾನೂನು, ಸೆಪ್ಟೆಂಬರದಾಗ ಪರಿಷತ್ತಿನ ಒಪ್ಪಿಗಿ.

ಗೋಹತ್ಯೆ ನಿಷೇಧ ಮಸೂದೆದೂ ಅದೇ ದಾರಿ. 2020ರ ಡಿಸೆಂಬರ್ 15ಕ್ಕ ಉಪಸಭಾಪತಿಯವರನ್ನ ಪೀಠದಿಂದ ಎಳೆದು ಇಳಿಸಿದ್ದು ಇಡೀ ದೇಶ ನೋಡ್ತು. ಮಕ್ಕಳಿಗೆ ಪೌರನೀತಿ ಕಲಿಸಿದಾವ ನಾನು, ಅವತ್ತು ಟಿವಿ ಬಂದ್ ಮಾಡಿದೆ. ಆಮ್ಯಾಲ ಜನವರಿಯಾಗ ಸುಗ್ರೀವಾಜ್ಞೆ, ಫೆಬ್ರವರಿ 8ಕ್ಕ ಧ್ವನಿಮತ. ಅದೇ ಡಿಸೆಂಬರದಾಗ ಭೂಸುಧಾರಣಾ ತಿದ್ದುಪಡಿಗೆ ಜೆಡಿಎಸ್ ಬೆಂಬಲ ಕೊಟ್ಟಿತ್ತು, ಅದು ಸಲೀಸಾಗಿ ಹೋತು. ನಡುವ ನಿಂತ ಸಣ್ಣ ಪಕ್ಷ ಯಾವ ಕಡೆ ವಾಲ್ತದ ಅನ್ನೋದರ ಮ್ಯಾಲ ರೈತನ ಹೊಲದ ಕಾನೂನು ನಿಂತಿತ್ತು.

ಹಿಂದೂಪುರದ_ಕನ್ನಡಿಗ
ಗಡಿ ದಾಟಿ ನಮ್ಮ ಆಂಧ್ರದ ಕಡೆನೂ ನೋಡಿ. 2020ರ ಜನವರಿಯಲ್ಲಿ ಜಗನ್ ಸರ್ಕಾರದ ಮೂರು ರಾಜಧಾನಿ ಮಸೂದೆಯನ್ನು ವಿರೋಧ ಪಕ್ಷ ಟಿಡಿಪಿಗೆ ಬಹುಮತ ಇದ್ದ ಪರಿಷತ್ತಿನಲ್ಲಿ ಸಭಾಪತಿ ಆಯ್ಕೆ ಸಮಿತಿಗೆ ಕಳಿಸಿದರು. ಸರಿಯಾಗಿ ಭಟ್ಟರು ಕೇಳಿದ ಹಾಗೇ! ಸರ್ಕಾರ ಏನು ಮಾಡಿತು ಗೊತ್ತಾ? ಪರಿಷತ್ತನ್ನೇ ರದ್ದು ಮಾಡಿ ಅಂತ ಜನವರಿ 27ಕ್ಕೆ ವಿಧಾನಸಭೆಯಲ್ಲಿ ನಿರ್ಣಯ. 2021ರ ನವೆಂಬರಿನಲ್ಲಿ ಆ ನಿರ್ಣಯವನ್ನು ವಾಪಸ್ ತಗೊಂಡರು. ಗುಂಡಣ್ಣ ಮುಚ್ಚಿಸಿ ಅಂತಾನಲ್ಲ, ಬೇಡದ ಪ್ರಶ್ನೆ ಕೇಳಿದ ಮನೆಯನ್ನು ಮುಚ್ಚಿಸುವ ಆಸೆ ಎಲ್ಲರಿಗೂ ಇರುತ್ತೆ.

ಗಡಿಬಿಡಿ_ಗುಂಡ
ಆಯ್ತು ಸ್ವಾಮಿ, ಮುಚ್ಚೋದು ಬೇಡ. ಟಿಕೆಟ್ ಸಿಗದವರನ್ನು ತುಂಬೋದಾದರೂ ನಿಲ್ಲಿಸಲಿ.

ಓದುಗಿತ್ತಿ_ಹಾವೇರಿ
ಎಲ್ಲರಿಗೂ ಥ್ಯಾಂಕ್ಸ್. ಭಟ್ಟರೇ, ಹಾಗಾದರೆ ಒಂದೇ ಪಕ್ಷದ ಕೈಲಿ ಎರಡೂ ಮನೆ ಇರೋದೇ ಮೇಲು ಅಂತೀರಾ? ಅಂದಹಾಗೆ ನಿಮಗೆ ಆ ನಿಧಿಯ ಹಣ ಬಂತಾ?

ಸಿ_ವರ್ಗದ_ಭಟ್ಟ
ಇಲ್ಲ ತಂಗಿ, ಹಾಗೆ ಅನ್ನಲಾರೆ. ಎರಡೂ ಒಂದೇ ಕೈಲಿದ್ದರೆ ಮಸೂದೆ ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ, ಯಾರೂ ಹಾಳೆ ತಿರುವುವುದಿಲ್ಲ. ಬೇರೆ ಬೇರೆ ಕೈಲಿದ್ದರೆ ಕನಿಷ್ಠ ಊರಿಗೆ ಸುದ್ದಿಯಾಗುತ್ತದೆ. ಒಟ್ಟು–ನಿವ್ವಳದ ವ್ಯತ್ಯಾಸ ನನಗೆ ತಿಳಿದದ್ದೇ ಆ ಗಲಾಟೆಯಿಂದ, ಇಲ್ಲದಿದ್ದರೆ ಇಲಾಖೆ ಸುತ್ತೋಲೆ ಬಂದಾಗ ತಿಳಿಯುತ್ತಿತ್ತು. ಅಷ್ಟು ಅಂಕ ಕೊಡುತ್ತೇನೆ, ಪೂರ್ತಿ ಕೊಡುವುದಿಲ್ಲ. ನೀನು ಉತ್ತರ ಬರೆಯುವಾಗ ಎಷ್ಟು ಮಸೂದೆ ಬಿದ್ದವು ಅಂತ ಎಣಿಸಬೇಡ. ಎಷ್ಟು ಸಮಿತಿಗೆ ಹೋದವು, ಹೋಗಿ ಬಂದಾಗ ಯಾವ ಸಾಲು ಬದಲಾಗಿತ್ತು ಅಂತ ಹುಡುಕು. ಮಾಸ್ತರು ಹೇಳಿದ ಸುಗ್ರೀವಾಜ್ಞೆಯ ಹಿತ್ತಲ ಬಾಗಿಲನ್ನೂ ಸೇರಿಸು, ಪರೀಕ್ಷಕರು ಖುಷಿಯಾದಾರು.

ಹಣದ ವಿಷಯ: ಎರಡೂ ಮನೆ ದಾಟಿದ ಮೇಲೆ 2024ರ ಮಾರ್ಚಿನಲ್ಲಿ ರಾಜ್ಯಪಾಲರು ವಿವರಣೆ ಕೇಳಿ ಮಸೂದೆಯನ್ನು ವಾಪಸ್ ಕಳಿಸಿದರು. ಪರಿಷತ್ತು ಕೇಳದೆ ಬಿಟ್ಟ ಪ್ರಶ್ನೆ ರಾಜಭವನಕ್ಕೆ ಹೋಯಿತು, ಅಲ್ಲಿ ನಮ್ಮ ಶಿಕ್ಷಕರು ಆರಿಸಿದವರೂ ಇಲ್ಲ, ಪಂಚಾಯ್ತಿಯವರು ಆರಿಸಿದವರೂ ಇಲ್ಲ. ನಾನಂತೂ ಈ ಸಲದ ದೀಪೋತ್ಸವಕ್ಕೆ ಎಂದಿನ ಹಾಗೆ ರಸೀದಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದೆ.