50 ಗ್ರಾಂ ದುಬಾರಿ ಉಲ್ಲನ್: ಶಾಲು ಹಾಕಲು ಹೋದರೆ ತೋರಣ ಆಯಿತು, ಬಿಚ್ಚಿ ಏನು ಮಾಡಲಿ?

ನೂಲುಂಡೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೋದ ತಿಂಗಳು ಬೆಂಗಳೂರಿಗೆ ಮದುವೆಗೆ ಹೋಗಿದ್ದೆ. ವಾಪಸ್ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಸುಮ್ನೆ ನೋಡಿ ಬರೋಣ ಅಂತ ಒಂದು ನೂಲಿನ ಅಂಗಡಿಗೆ ಕಾಲಿಟ್ಟೆ. ಹೊರಗೆ ಬರುವಾಗ ಚೀಲದಲ್ಲಿ ಇದ್ದದ್ದು ಇಷ್ಟು:

ಕೈಯಲ್ಲಿ ಬಣ್ಣ ಹಾಕಿದ ಮೆರಿನೋ ಉಲ್ಲನ್, ನವಿಲು ಬಣ್ಣ, ಒಂದೇ ಲಡಿ. 50 ಗ್ರಾಂ, 200 ಮೀಟರ್. 1,150 ರೂಪಾಯಿ.
ಮೊಹೇರ್ (ಅಂಗೋರಾ ಮೇಕೆಯ ರೋಮ) ಮತ್ತು ರೇಷ್ಮೆ ಬೆರೆಸಿದ್ದು, ಬೂದಿ ಬಣ್ಣ. 25 ಗ್ರಾಂ, 210 ಮೀಟರ್. 1,300 ರೂಪಾಯಿ.
ಅಪ್ಪಟ ರೇಷ್ಮೆ ನೂಲು, ಕುಂಕುಮ ಕೆಂಪು. 50 ಗ್ರಾಂ, 200 ಮೀಟರ್. 1,400 ರೂಪಾಯಿ.

ಒಟ್ಟು 3,850. ಮನೆಯಲ್ಲಿ "ಆಫರ್ ಇತ್ತು" ಅಂದಿದ್ದೇನೆ. ಆಫರ್ ಇರಲಿಲ್ಲ.

ಈಗ ಸಮಸ್ಯೆ. ಮೆರಿನೋದಲ್ಲಿ ತ್ರಿಕೋನದ ಪುಟ್ಟ ಶಾಲು ಹಾಕಲು ಹೊರಟೆ. ಪ್ಯಾಟರ್ನ್ ಪ್ರಕಾರ 50 ಗ್ರಾಂ ಸಾಕು, ಅಗಲ 90 ಸೆಂಟಿಮೀಟರ್, ಆಳ 45 ಬರಬೇಕು. ಕೆಳಗಿನ ಚೂಪು ತುದಿಯಿಂದ ಶುರು, ಪ್ರತಿ ಸಾಲಿನಲ್ಲೂ ಎರಡೂ ಕಡೆ ಎರಡೆರಡು ಸ್ಟಿಚ್ ಹೆಚ್ಚಿಸಬೇಕು. ಪೂರ್ತಿ ಡಬಲ್ ಕ್ರೋಶಾ. ಹಾಗೇ ಮಾಡಿದೆ. 12 ಸೆಂಟಿಮೀಟರ್ ಆಳ ಬಂದಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ಇನ್ನೂ 37 ಗ್ರಾಂ ಇತ್ತು. ಖುಷಿಯೋ ಖುಷಿ. ಆಮೇಲೆ ಏನಾಯಿತೋ ಗೊತ್ತಿಲ್ಲ, ಅಗಲ ಬರುತ್ತಲೇ ಹೋಯಿತು, ಆಳ ಬರಲೇ ಇಲ್ಲ. 24 ಸೆಂಟಿಮೀಟರಿಗೆ ನೂಲು ಖಾಲಿ. ಅಗಲ ಮಾತ್ರ 114! ನಮ್ಮತ್ತೆ ನೋಡಿ "ದೇವರ ಮನೆ ಬಾಗಿಲಿಗೆ ತೋರಣನಾ, ಚೆನ್ನಾಗಿದೆ" ಅಂದರು.

ಅಂಗಡಿಗೆ ಫೋನ್ ಮಾಡಿದೆ, ಆ ಬಣ್ಣದ ಇನ್ನೊಂದು ಲಡಿ ಇಲ್ಲ. ಏನು ತಪ್ಪಾಯಿತು? ಬಿಚ್ಚಿದರೆ ಇಷ್ಟೇ ನೂಲಿನಲ್ಲಿ ಉಪಯೋಗಕ್ಕೆ ಬರುವಂಥದ್ದು ಏನು ಹಾಕಬಹುದು? ಉಳಿದ ಎರಡನ್ನು ಮುಟ್ಟಲೇ ಭಯ.

ಕೊಬ್ಬರಿ, ತಿಪಟೂರು

ಅಯ್ಯೋ ಮೇಡಂ, ನಿಮ್ಮೂರಿನ ಮಂಡಿಪೇಟೆಯಲ್ಲೇ ಐವತ್ತು ರೂಪಾಯಿಗೆ ಅಕ್ರಿಲಿಕ್ ಉಂಡೆ ಸಿಗುತ್ತದಲ್ವಾ. ಹೋಗಲಿ ಬಿಡಿ. ಸ್ವಲ್ಪ ನೂಲು ಅಂದರೆ ಟೀ ಕಪ್ ಕೆಳಗಿಡುವ ಕೋಸ್ಟರ್ ಹಾಕಿ. ಹತ್ತಾದರೂ ಬರುತ್ತದೆ, ತಲೆನೋವಿಲ್ಲ.

ಕ್ರೋಶಾಕಡ್ಡಿ, ಕೋಲಾರ

ಕೊಬ್ಬರಿ ಅವರೇ, 1,150 ರೂಪಾಯಿಯ ಮೆರಿನೋ ಮೇಲೆ ಬಿಸಿ ಟೀ ಲೋಟವಾ! ಎರಡು ಸಲ ಚಹಾ ಚೆಲ್ಲಿ, ಎರಡು ಸಲ ಬಿಸಿನೀರಲ್ಲಿ ಉಜ್ಜಿದರೆ ಗಂಟುಕಟ್ಟಿ ಕಂಬಳಿ ತುಂಡಿನ ಹಾಗಾಗುತ್ತದೆ. ಮೆತ್ತಗಿನ ನೂಲು ಮೈಗೆ ತಾಗುವ ಕಡೆ ಇರಬೇಕು. ಕೋಸ್ಟರಿಗೆ ಕಾಟನ್ ದಾರ ಹಾಕಿ.

ನೂಲುಂಡೆ, ನಿಮ್ಮ ತೋರಣದ ಗುಟ್ಟು ನನಗೆ ಅರ್ಧ ಗೊತ್ತಾಗಿದೆ ಅನಿಸುತ್ತದೆ. ಎರಡು ಪ್ರಶ್ನೆ. ಕ್ರೋಶಾ ಯಾರ ಹತ್ತಿರ ಕಲಿತಿರಿ? ನಿಮ್ಮ "ಡಬಲ್" ಹಾಕುವಾಗ ಕಡ್ಡಿಯನ್ನು ರಂಧ್ರಕ್ಕೆ ಚುಚ್ಚುವ ಮೊದಲು ನೂಲನ್ನು ಒಂದು ಸುತ್ತು ಕಡ್ಡಿಗೆ ಸುತ್ತಿಕೊಳ್ಳುತ್ತೀರಾ, ಇಲ್ಲವಾ?

ನೂಲುಂಡೆ, ತುಮಕೂರು

ಅಮ್ಮನ ಹತ್ತಿರ. ಅಮ್ಮ ಕಲಿತದ್ದು ಅವರ ಕಾಲದ ಹೊಲಿಗೆ ಕ್ಲಾಸಿನಲ್ಲಿ. ಸುತ್ತಿಕೊಳ್ಳುವುದಿಲ್ಲ. ನೇರವಾಗಿ ಚುಚ್ಚಿ, ನೂಲು ಎಳೆದು, ಎರಡರೊಳಗಿಂದ ತೆಗೆಯುವುದು. ಕಡ್ಡಿ 3.5 ಮಿಲಿಮೀಟರ್.

ಕ್ರೋಶಾಕಡ್ಡಿ, ಕೋಲಾರ

ಸಿಕ್ಕಿತು. ಅಮ್ಮ ಹೇಳಿಕೊಟ್ಟದ್ದು ಬ್ರಿಟಿಷ್ ಹೆಸರು. ಪ್ಯಾಟರ್ನ್ ಬರೆದಿರುವುದು ಅಮೆರಿಕದ ಹೆಸರಿನಲ್ಲಿ. ಬ್ರಿಟಿಷರ ಡಬಲ್ ಅಂದರೆ ಅಮೆರಿಕದವರ ಸಿಂಗಲ್. ಅಮೆರಿಕದ ಡಬಲ್ ಅಂದರೆ ನೂಲನ್ನು ಒಂದು ಸುತ್ತು ಸುತ್ತಿಕೊಂಡು ಹಾಕುವ ಎತ್ತರದ ಸ್ಟಿಚ್, ಅದನ್ನು ಬ್ರಿಟಿಷರು ಟ್ರೆಬಲ್ ಅನ್ನುತ್ತಾರೆ. ನಮ್ಮ ಕಡೆ ಅಮ್ಮಂದಿರಿಗೆ ಒಂದು ಹೆಸರು, ಯೂಟ್ಯೂಬ್ ನೋಡಿ ಕಲಿತವರಿಗೆ ಇನ್ನೊಂದು. ಪ್ಯಾಟರ್ನ್‌ನಲ್ಲಿ "ಸಿಂಗಲ್ ಕ್ರೋಶಾ" ಅನ್ನುವ ಮಾತು ಎಲ್ಲಾದರೂ ಇದ್ದರೆ ಅದು ಅಮೆರಿಕದ್ದು. ಬ್ರಿಟಿಷ್ ಲೆಕ್ಕದಲ್ಲಿ ಸಿಂಗಲ್ ಅನ್ನುವ ಹೆಸರೇ ಸಾಮಾನ್ಯವಾಗಿ ಬರುವುದಿಲ್ಲ.

ಹಾಗಾಗಿ ನಿಮ್ಮ ಒಂದೊಂದು ಸಾಲೂ ಇರಬೇಕಾದ ಎತ್ತರದ ಅರ್ಧಕ್ಕಿಂತ ಕಡಿಮೆ ಬಂತು. ಆದರೆ ಪ್ರತಿ ಸಾಲಿಗೂ ನಾಲ್ಕು ಸ್ಟಿಚ್ ಹೆಚ್ಚಾಗುತ್ತಲೇ ಇತ್ತು. ಅಗಲ ಓಡಿತು, ಆಳ ಕುಳಿತಿತು. ಜೊತೆಗೆ ಸಿಂಗಲ್ ಒತ್ತಾಗಿ ಕೂರುವ ಹೆಣಿಗೆ, ನೂಲನ್ನು ಜಾಸ್ತಿ ತಿನ್ನುತ್ತದೆ. ನನ್ನ ಹತ್ತಿರ ಇದೇ ದಪ್ಪದ ಉಲ್ಲನ್ ಇದೆ, ಈಗ ತಾನೇ 10 ಸೆಂಟಿಮೀಟರ್ ಚೌಕ ಹಾಕಿ ತೂಗಿದೆ. ಸಿಂಗಲ್‌ಗೆ 3.6 ಗ್ರಾಂ. ಎತ್ತರದ ಡಬಲ್‌ಗೆ 2.2 ಗ್ರಾಂ. ನಿಮ್ಮ 50 ಗ್ರಾಂನಲ್ಲಿ ಸಿಂಗಲ್ ಆದರೆ 14 ಚೌಕ, ಡಬಲ್ ಆದರೆ 22. ವ್ಯತ್ಯಾಸ ಎಷ್ಟು ನೋಡಿ.

ಇನ್ನೊಂದು ಮೋಸ ಇದೆ, ಅದು ತ್ರಿಕೋನದ್ದೇ ಮೋಸ. ಚೂಪು ತುದಿಯಿಂದ ಹೊರಟರೆ ಅರ್ಧ ಆಳಕ್ಕೆ ಬಂದಾಗ ಕೆಲಸ ಅರ್ಧ ಮುಗಿದಿರುವುದಿಲ್ಲ. ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ನೂಲನ್ನು ಕೊನೆಯ ಅರ್ಧ ತಿನ್ನುತ್ತದೆ. ನೀವು 12ಕ್ಕೆ ಖುಷಿಪಟ್ಟಿರಿ ಅಲ್ವಾ, ಆಗ 13 ಗ್ರಾಂ ಖರ್ಚಾಗಿತ್ತು. ಸರಿಯಾಗಿ ಕಾಲು ಭಾಗ! 24ಕ್ಕೆ ಮುಗಿಯಲೇಬೇಕಿತ್ತು.

ಒಂದೇ ಲಡಿ ಇರುವವರು ಇಂಥ ತ್ರಿಕೋನ ಹಾಕುವುದಾದರೆ ಒಂದು ಬದಿಯಿಂದ ಶುರುಮಾಡಿ. ಲಡಿಯ ಅರ್ಧ ತೂಕ ಮುಗಿಯುವವರೆಗೆ ಹೆಚ್ಚಿಸುತ್ತಾ ಹೋಗಿ, ಆಮೇಲೆ ಕಡಿಮೆ ಮಾಡುತ್ತಾ ಬನ್ನಿ. ತಕ್ಕಡಿ 25 ಅಂದಾಗ ತಿರುಗಿಸಿದರೆ ಆಯಿತು, ಎಲ್ಲಿ ನಿಲ್ಲುತ್ತದೋ ಅನ್ನುವ ಎದೆಬಡಿತ ಇಲ್ಲ.

ನೂಲುಂಡೆ, ತುಮಕೂರು

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಾವು ಕಲಿತದ್ದೇ ಸರಿ, ಅವರದ್ದು ತಪ್ಪು" ಅಂದರು. ಅದು ಬಿಡಿ. ಬಿಚ್ಚಿದೆ. ಆದರೆ ನೂಲು ಮ್ಯಾಗಿ ಥರ ಸುರುಳಿ ಸುರುಳಿ ಆಗಿದೆ. ಹೀಗೇ ಹಾಕಲಾ?

ಕ್ರೋಶಾಕಡ್ಡಿ, ಕೋಲಾರ

ಬೇಡ, ಹೆಣಿಗೆ ಒಂದೇ ಸಮ ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಮತ್ತೆ ಲಡಿ ಮಾಡಿ. ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಸುಮ್ಮನೆ ಬಿಡಿ, ಉಜ್ಜಬೇಡಿ, ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ನೇತುಹಾಕಿ. ಭಾರ ಕಟ್ಟಬೇಡಿ. ಒಣಗುವಷ್ಟರಲ್ಲಿ ನೇರವಾಗಿರುತ್ತದೆ.

ಏನು ಹಾಕಬೇಕು ಅನ್ನುವುದಕ್ಕೆ ನನ್ನ ಮಾತು. ರೇಷ್ಮೆ ಸೀರೆಗೆ ಜರಿ ಎಲ್ಲಿರುತ್ತದೆ? ಬಹುಪಾಲು ಅಂಚಿಗೆ, ಸೆರಗಿಗೆ. ಒಡಲ ತುಂಬಾ ಜರಿ ಹಾಕಿದರೆ ಯಾರಿಗೆ ಕೊಳ್ಳಲು ಸಾಧ್ಯ? ದುಬಾರಿ ನೂಲೂ ಹಾಗೇ. 50 ಗ್ರಾಂನಲ್ಲಿ ಪೂರ್ತಿ ಶಾಲು ಮಾಡಲು ಗುದ್ದಾಡುವುದಕ್ಕಿಂತ ಕಣ್ಣಿಗೆ ಕಾಣುವ ಕಡೆ, ಕತ್ತಿಗೆ ತಾಗುವ ಕಡೆ ಅದನ್ನು ಇಡಿ. ಸಾದಾ ಕಾರ್ಡಿಗನ್ ಇದ್ದರೆ ಅದರ ಕಾಲರಿಗೆ, ತೋಳಿನ ತುದಿಗೆ ನಾಲ್ಕು ಸಾಲು ಹಾಕಿದರೂ ಅದರ ಮುಖವೇ ಬದಲಾಗುತ್ತದೆ.

ಆದರೆ ನಿಮ್ಮ ಪಟ್ಟಿ ಮತ್ತೆ ಓದಿದಾಗ ಒಂದು ಕಂಡಿತು. ಮೆರಿನೋ 200 ಮೀಟರ್, ಮೊಹೇರ್ 210 ಮೀಟರ್. ತೂಕ ಬೇರೆ, ಉದ್ದ ಹತ್ತಿರ ಹತ್ತಿರ ಒಂದೇ! ಎರಡನ್ನೂ ಜೊತೆಗೆ ಹಿಡಿದು ಒಂದೇ ನೂಲಿನಂತೆ ಹಾಕಿ. ಕಡ್ಡಿ 6 ಮಿಲಿಮೀಟರ್, ಎತ್ತರದ ಡಬಲ್. ದಪ್ಪ ಕಡ್ಡಿಗೆ ಹೆಣಿಗೆ ಹಗುರವಾಗಿ ಹರಡುತ್ತದೆ, ಮಧ್ಯದ ಖಾಲಿ ಜಾಗವನ್ನು ಮೊಹೇರಿನ ರೋಮ ತುಂಬುತ್ತದೆ. ನನ್ನ ಲೆಕ್ಕಕ್ಕೆ ಒಂದು ಚೌಕಕ್ಕೆ 7 ಮೀಟರಿಗಿಂತ ಸ್ವಲ್ಪ ಕಡಿಮೆ. ಅಂದರೆ 30 ಚೌಕದ ಹತ್ತಿರ. ಮೆರಿನೋ ಒಂದೇ ಹಾಕಿದ್ದರೆ 22 ಬರುತ್ತಿತ್ತು. ಸುತ್ತಳತೆ 120 ಸೆಂಟಿಮೀಟರ್ ಇಟ್ಟರೆ 22, 23 ಸೆಂಟಿಮೀಟರ್ ಅಗಲದ, ಕತ್ತಿಗೆ ಎರಡು ಸುತ್ತು ಬರುವ ಕೌಲ್ (ತುದಿ ಜೋಡಿಸಿದ, ಬಳೆಯಂಥ ಮಫ್ಲರ್) ಆಗುತ್ತದೆ. ಕೈಬಣ್ಣದ ನೂಲಿನಲ್ಲಿ ಒಂದೇ ಬಣ್ಣ ಒಂದೇ ಕಡೆ ಮಡುಗಟ್ಟಿ ಕಲೆಯ ಹಾಗೆ ಕಾಣುತ್ತದಲ್ವಾ, ಬೂದಿ ಬಣ್ಣ ಅದನ್ನೂ ಸ್ವಲ್ಪ ಮರೆಸುತ್ತದೆ.

ಶಾಲು ಬೇಡ, ಕೌಲ್ ಯಾಕೆ ಅಂದರೆ, ಸುತ್ತು ಸುತ್ತು ಹಾಕುವಾಗ ಪ್ರತಿ ಸುತ್ತಿಗೂ ಒಂದೇ ತೂಕ ಹೋಗುತ್ತದೆ. ಒಂದು ಸುತ್ತಿನ ಮೊದಲು ತೂಗಿ, ಆಮೇಲೆ ತೂಗಿ. ಮೂರು ಗ್ರಾಂ ಹೋಯಿತು ಅನ್ನಿ, ಉಂಡೆಯಲ್ಲಿ ಮೂರಕ್ಕಿಂತ ಕಡಿಮೆ ಇದ್ದಾಗ ನಿಲ್ಲಿಸಿ. ಎಲ್ಲಿ ನಿಂತರೂ ಅದು ಕೌಲ್‌ನೇ.

ಎಚ್ಚರ ಒಂದೇ. ಮೊಹೇರ್ ಬಿಚ್ಚಲು ಬರುವುದಿಲ್ಲ, ರೋಮ ರೋಮಕ್ಕೆ ಹಿಡಿದುಕೊಳ್ಳುತ್ತದೆ. ಬಿಚ್ಚಲೇಬೇಕಾದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು ನಿಧಾನವಾಗಿ ಎಳೆಯಿರಿ, ಸ್ವಲ್ಪ ಸುಲಭ. ಹಾಗಾಗಿ ಮೊದಲ ಸುತ್ತು ತಿರುಚಿಕೊಂಡಿಲ್ಲ ಅಂತ ಎರಡು ಸಲ ನೋಡಿ ಜೋಡಿಸಿ. ನಾನು ಒಮ್ಮೆ ನೋಡದೆ ಜೋಡಿಸಿ, ಆಮೇಲೆ "ಇದು ಡಿಸೈನ್" ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೇನೆ.

ಗೂಡಿನಮನೆ, ಶಿಡ್ಲಘಟ್ಟ

ರೇಷ್ಮೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ನಮ್ಮದು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆ, ಗೂಡಿನ ಮಾರುಕಟ್ಟೆ ಪಕ್ಕದಲ್ಲೇ ಬೆಳೆದವಳು ನಾನು. ಅಕ್ಕ, ಮೊದಲು ಅದು ರೇಷ್ಮೆಯೇ ಅಂತ ನೋಡಿಕೊಳ್ಳಿ. ಬೆರಳುದ್ದ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅಂಗಡಿಯವರ ಜೊತೆ ಜಗಳ ಆಡಿ.

ರೇಷ್ಮೆಗೆ ಉಲ್ಲನ್ ಥರ ಎಳೆದರೆ ವಾಪಸ್ ಬರುವ ಗುಣ ಇಲ್ಲ. ಟೋಪಿ, ಕೈಗವಸು ಹಾಕಿದರೆ ನಾಲ್ಕು ದಿನಕ್ಕೆ ಜೋತುಬೀಳುತ್ತದೆ. ಅದರ ಸೊಗಸು ಹೊಳಪು ಮತ್ತು ಇಳಿಬೀಳುವ ರೀತಿ. ಇಳಿಬೀಳುವುದೇ ಬೇಕಾದ ವಸ್ತು ನಮ್ಮ ಕಪಾಟಿನಲ್ಲೇ ಇದೆ: ಸೀರೆ ಕುಚ್ಚು. ಕುಚ್ಚಿಗೆ ಅಂತ "ಸಿಲ್ಕ್ ಥ್ರೆಡ್" ಹೆಸರಲ್ಲಿ ಕೊಡುವುದು ಬಹುಪಾಲು ನಿಜವಾದ ರೇಷ್ಮೆ ಅಲ್ಲವೇ ಅಲ್ಲ. ನಿಮ್ಮ ಹತ್ತಿರ ನಿಜವಾದದ್ದು ಇದೆ.

ಲೆಕ್ಕ ಹೇಳುತ್ತೇನೆ. ಸೆರಗಿನ ಅಗಲ ಹೆಚ್ಚುಕಮ್ಮಿ 115 ಸೆಂಟಿಮೀಟರ್. ಅಂಚಿಗೆ ಒಂದು ಸಾಲು ಸಿಂಗಲ್, ಅದರ ಮೇಲೆ ಚೈನಿನ ಕಮಾನು, ಎರಡೂ ಸೇರಿ 20 ಮೀಟರ್ ಒಳಗೆ. 60 ಕುಚ್ಚು, ಒಂದೊಂದಕ್ಕೆ 10 ಸೆಂಟಿಮೀಟರಿನ ಎಂಟು ಎಳೆ ಮಡಚಿ ಕಟ್ಟಿದರೆ 48 ಮೀಟರ್. 70 ಮೀಟರಿನಲ್ಲಿ ಒಂದು ಸೀರೆ ಮುಗಿಯಿತು. 200 ಮೀಟರಿಗೆ ಎರಡು ಸೀರೆ ಆರಾಮ. ಸೆರಗಿನ ಬಟ್ಟೆಗೆ ಈ ದಪ್ಪದ ನೂಲನ್ನು ನೇರವಾಗಿ ಕಡ್ಡಿಯಲ್ಲಿ ಎಳೆಯಬೇಡಿ, ತೂತು ಬೀಳುತ್ತದೆ. ಮೊದಲು ಸೂಜಿಯಲ್ಲಿ ತೆಳು ದಾರದ ಹೊಲಿಗೆ ಹಾಕಿ, ಆ ಹೊಲಿಗೆಯ ಕುಣಿಕೆಯಲ್ಲಿ ಕ್ರೋಶಾ ಹಿಡಿಯಿರಿ. ನೂಲು ಜಾರುತ್ತಿದ್ದರೆ ಸ್ಟೀಲ್ ಕಡ್ಡಿ ಬಿಟ್ಟು ಬಿದಿರಿನ ಕಡ್ಡಿ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಮೊದಲು ಬಣ್ಣ ನೋಡಿ. ಕುಂಕುಮ ಕೆಂಪು ಅಂದಿರಿ. ಒಂದು ತುಂಡು ನೂಲನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಡಿ.

ಕೊಬ್ಬರಿ, ತಿಪಟೂರು

ಬಣ್ಣ ಬಿಟ್ಟರೆ ಉಪ್ಪು ನೀರಲ್ಲಿ ನೆನೆಸಿದರೆ ನಿಂತುಬಿಡುತ್ತದೆ.

ಗೂಡಿನಮನೆ, ಶಿಡ್ಲಘಟ್ಟ

ಎಲ್ಲರ ಮನೆಯಲ್ಲೂ ಹೀಗೇ ಹೇಳುತ್ತಾರೆ ಅಣ್ಣ. ಆದರೆ ಬಣ್ಣ ಹಾಕಿ ಮುಗಿದ ರೇಷ್ಮೆಗೆ ತಣ್ಣೀರಿನ ಉಪ್ಪು ಏನೂ ಮಾಡುವುದಿಲ್ಲ. ಅಂಟಿಕೊಳ್ಳದೆ ಉಳಿದ ಬಣ್ಣ ಹೋಗಬೇಕು, ಅಷ್ಟೇ. ನೀರು ತಿಳಿಯಾಗುವವರೆಗೆ ತಣ್ಣೀರಲ್ಲಿ ಜಾಲಿಸುವುದು. ಆಮೇಲೂ ಬಿಟ್ಟರೆ ತಿಳಿ ಬಣ್ಣದ ಸೀರೆಗೆ ಕಟ್ಟಲೇಬೇಡಿ.

ನೂಲುಂಡೆ, ತುಮಕೂರು

ಹದಿನೈದು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ರೇಷ್ಮೆ ನಿಜವಾದದ್ದೇ, ಅಡುಗೆಮನೆ ತುಂಬಾ ಕೂದಲು ಸುಟ್ಟ ವಾಸನೆ. ಮಗ ಓಡಿಬಂದು ಯಾರ ತಲೆ ಅಂತ ಕೇಳಿದ. ಆದರೆ ಬಿಳಿ ಬಟ್ಟೆ ಬೆಳಿಗ್ಗೆ ಗುಲಾಬಿಯಾಗಿತ್ತು! ಅಮ್ಮನ ಕೆನೆ ಬಣ್ಣದ ಸೀರೆಗೆ ಕಟ್ಟಬೇಕು ಅಂತಿದ್ದೆ, ಗೂಡಿನಮನೆ ಅವರಿಗೆ ಕೈಮುಗಿಯುತ್ತೇನೆ. ಐದು ಸಲ ಜಾಲಿಸಿದ ಮೇಲೆ ನೀರು ತಿಳಿಯಾಯಿತು. ಆದರೂ ಧೈರ್ಯ ಬರಲಿಲ್ಲ, ನನ್ನದೇ ಮರೂನ್ ಸೀರೆಗೆ ಕಟ್ಟುತ್ತಿದ್ದೇನೆ. 60ರಲ್ಲಿ 22 ಕುಚ್ಚು ಆಗಿದೆ.

ಕೌಲ್ ಮುಗಿಯಿತು. 120 ಸೆಂಟಿಮೀಟರ್ ಸುತ್ತು, 16 ಸುತ್ತಿಗೆ 22 ಸೆಂಟಿಮೀಟರ್ ಅಗಲ. ಒಂದು ಸುತ್ತಿಗೆ ಮೆರಿನೋ 2.8 ಗ್ರಾಂ ಹೋಗುತ್ತಿತ್ತು. ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತರೂ ಚಳಿ ಗೊತ್ತಾಗುವುದಿಲ್ಲ. ಎದುರು ಸೀಟಿನವರು ಎಲ್ಲಿ ತಗೊಂಡಿರಿ ಅಂತ ಕೇಳಿದರು, ಬೆಲೆ ಮಾತ್ರ ಹೇಳಲಿಲ್ಲ. ಮೆರಿನೋ 5 ಗ್ರಾಂ ಉಳಿದಿದೆ.

ಕ್ರೋಶಾಕಡ್ಡಿ, ಕೋಲಾರ

5 ಗ್ರಾಂ ಉಳಿದಿದೆ, ಒಂದು ಸುತ್ತಿಗೆ 2.8. ಇನ್ನೊಂದು ಸುತ್ತು ಬರುತ್ತಿತ್ತು ಅಲ್ವಾ?

ನೂಲುಂಡೆ, ತುಮಕೂರು

ಬರುತ್ತಿತ್ತು. ಮೂರು ಸಲ ತೂಗಿ ನೋಡಿದೆ, ಮೂರು ಸಲವೂ ಬರುತ್ತದೆ ಅಂತಲೇ ಹೇಳಿತು. ತೋರಣದ ನೆನಪಾಗಿ ದಾರ ಕತ್ತರಿಸಿಬಿಟ್ಟೆ.

ಕೊಬ್ಬರಿ, ತಿಪಟೂರು

ಆ 5 ಗ್ರಾಂನಲ್ಲಿ ಒಂದು ಕೋಸ್ಟರ್ ಬರುತ್ತದೆ ಮೇಡಂ.